ಹೂಂ ಅನ್ನೋರು ಯಾರು?

1935ರ ಸೆಪ್ಟೆಂಬರ್ 10. ಮೈಸೂರಿನ ಒಂಟಿಕೊಪ್ಪಲಿನಲ್ಲಿ ‘ವಿಠ್ಠಲ ವಿಹಾರ’ ಅಂತ ಒಂದು ಮನೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರದು. ಆವತ್ತು ಆ ಮನೆಯಿಂದ ರೇಡಿಯೊ ಪ್ರಸಾರ ಶುರುವಾಯಿತು. ಟ್ರಾನ್ಸ್‌ಮಿಟರ್‌ನ ಶಕ್ತಿ ಬರೀ 30 ವ್ಯಾಟ್. ನಮ್ಮನೆಯ ಹಳೇ ಸೀಲಿಂಗ್ ಫ್ಯಾನು ಅದರ ಎರಡರಷ್ಟು ಕರೆಂಟು ತಿನ್ನುತ್ತೆ! ಆ ಪುಟ್ಟ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಅನ್ನೋ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಇದು ಎಲ್ಲರಿಗೂ ಗೊತ್ತಿರೋ ಕಥೆ. ಪ್ರಸಾರದ ಮೊದಲಿಗೇ ಕೇಳಿಸಿದ್ದು ಕುವೆಂಪು ಅವರ ಕವನ ವಾಚನ ಅನ್ನೋದು ಅಷ್ಟಾಗಿ ನೆನಪಾಗೋದಿಲ್ಲ.

ಆಗ ಕುವೆಂಪು ಅವರಿಗೆ ಮೂವತ್ತು ವರ್ಷ. ಎದುರಿಗೆ ಇದ್ದದ್ದು ಯಂತ್ರ. ಯಾರು ಕೇಳುತ್ತಿದ್ದಾರೆ, ಎಲ್ಲಿ ಕೂತು ಕೇಳುತ್ತಿದ್ದಾರೆ, ತಲೆದೂಗಿದರೋ ಆಕಳಿಸಿದರೋ ಓದುವವರಿಗೆ ತಿಳಿಯುವ ದಾರಿಯೇ ಇಲ್ಲ. ಕನ್ನಡದ ಆನ್‌ಲೈನ್ ಕವಿಗೋಷ್ಠಿಗೆ ಒಂದು ವಂಶಾವಳಿ ಬರೆಯಿರಿ ಅಂದರೆ ನಾನು 2020ರ ಲಾಕ್‌ಡೌನಿನಿಂದ ಶುರು ಮಾಡೋದಿಲ್ಲ. ಒಂಟಿಕೊಪ್ಪಲಿನ ಆ ಮನೆಯಿಂದ ಶುರು ಮಾಡ್ತೀನಿ.

ಅದಕ್ಕೂ ಹಿಂದೆ ಏನಿತ್ತು? ನಮ್ಮ ಹಳ್ಳಿಗಳಲ್ಲಿ ಕಾವ್ಯ ಅಂದರೆ ಒಬ್ಬರು ಓದೋದು, ಊರು ಕೇಳೋದು. ಊರಿಗೆಲ್ಲ ಒಂದೇ ಪುಸ್ತಕ, ಓದು ಬಲ್ಲವರು ಒಬ್ಬರೋ ಇಬ್ಬರೋ. ದೇವಸ್ಥಾನದ ಜಗುಲಿ ಮೇಲೆ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ಓದಿದರೆ, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುತ್ತಿದ್ದರು. ಈ ಗಮಕದ ಪದ್ಧತಿ ಶಿವಮೊಗ್ಗ ಹತ್ತಿರದ ಹೊಸಹಳ್ಳಿಯಂಥ ಕಡೆ ಇವತ್ತಿಗೂ ಉಳಿದಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಆ ಜಗುಲಿಯಲ್ಲಿ ಓದೋರಷ್ಟೇ ಮುಖ್ಯವಾದವರು ಇನ್ನೊಬ್ಬರಿದ್ದರು: ಹೂಂಗುಟ್ಟೋರು. ಅಜ್ಜಿ ಕಥೆ ಹೇಳುವಾಗಲೂ ಅಷ್ಟೇ, ‘ಹೂಂ’ ಅನ್ನೋರಿಲ್ಲ ಅಂದರೆ ಕಥೆ ಮುಂದಕ್ಕೆ ಹೋಗೋದಿಲ್ಲ. ನಮ್ಮಜ್ಜಿ ಅರ್ಧಕ್ಕೆ ನಿಲ್ಲಿಸಿ, “ಯಾಕ್ ಮಗಾ, ನಿದ್ದೆ ಬಂತಾ?” ಅಂತ ಕೇಳೋರು. ಹೂಂ ಅಂದರೆ ಕೇಳುಗನ ಹಾಜರಿ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ ‘ಅಕ್ನಾಲೆಜ್‌ಮೆಂಟ್’. ಕಳಿಸಿದ ಪ್ಯಾಕೆಟ್ ತಲುಪಿತು, ಮುಂದಿನದು ಕಳಿಸು ಅಂತ ಆ ಕಡೆಯಿಂದ ಬರೋ ಸುದ್ದಿ. ಅದು ಬಾರದೇ ಹೋದರೆ ಕಳಿಸೋ ಯಂತ್ರವೂ ಕಾಯುತ್ತೆ, ಅಜ್ಜಿಯ ಹಾಗೇ.

ಆಧುನಿಕ ಕನ್ನಡ ಕಾವ್ಯ ಬೆಳೆದದ್ದೂ ಇಂಥ ಹೂಂಗುಟ್ಟುವವರ ನಡುವೆಯೇ. 1922ರ ಸುಮಾರಿಗೆ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕಟ್ಟಿಕೊಂಡಿತು. ಇವತ್ತಿನ ಮಾತಲ್ಲಿ ಹೇಳೋದಾದರೆ ಅದೊಂದು ಸ್ಥಳೀಯ ಕವಿಬಳಗ. ಶಂಬಾ ಜೋಶಿ, ಆನಂದಕಂದ, ಮಧುರಚೆನ್ನ, ಗೋಕಾಕ, ಮುಗಳಿ ಇವರೆಲ್ಲ ಅದರ ನಂಟಿನವರು. ಒಬ್ಬರು ಬರೆದದ್ದನ್ನು ಉಳಿದವರಿಗೆ ಓದೋದು, ಚರ್ಚೆ ಮಾಡೋದು, ಜಗಳ ಆಡೋದು. ಪುಸ್ತಕ ಆಮೇಲೆ.

1929ರಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಮಾಸ್ತಿ. ಅಲ್ಲಿ ಬೇಂದ್ರೆ ಕಾಲವನ್ನು ಹಾರುವ ಹಕ್ಕಿಯಾಗಿ ಕಂಡ ತಮ್ಮ ಕವನ ಓದಿದರು. ಸಭೆ ಬೆರಗಾಗಿ ಕೂತಿತು ಅಂತ ಆ ಕಾಲದವರು ಬರೆದಿದ್ದಾರೆ. ಆ ಕವನ ಇರೋ ‘ಗರಿ’ ಸಂಕಲನ ಬಂದದ್ದು 1932ರಲ್ಲಿ. ಅಂದರೆ ಪುಸ್ತಕಕ್ಕೆ ಮೂರು ವರ್ಷ ಮೊದಲೇ ಕವನ ಜನರ ಕಿವಿಗೆ ತಲುಪಿತ್ತು. ಆಗಿನ್ನೂ ಕರ್ನಾಟಕ ಒಂದಾಗಿರಲಿಲ್ಲ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೈಸೂರು ಬೇರೆ ಸಂಸ್ಥಾನ. ಅಚ್ಚಿನಲ್ಲಿ ಓದಿದರೆ ಧಾರವಾಡದ ಮಾತಿನ ಗತ್ತು ಮೈಸೂರಿನವರ ಕಿವಿಗೆ ಹೇಗೆ ಬೀಳಬೇಕು? ಒಂದೇ ಚಪ್ಪರದಡಿ ಕೂತು ಕೇಳಿದಾಗ ಮಾತ್ರ ಅದು ಸಾಧ್ಯ. ಕವಿಗೋಷ್ಠಿ ಅಂದರೆ ಟೈಮ್‌ಪಾಸ್ ಅಂತ ಮೂಗು ಮುರಿಯೋರಿಗೆ ನಾನು ಈ ಉದಾಹರಣೆ ಕೊಡ್ತೀನಿ.

ಆಮೇಲೆ ಒಂದೊಂದೇ ಯಂತ್ರ ಬಂದವು. ರೇಡಿಯೊ ಕವಿಯನ್ನು ಮನೆಯೊಳಕ್ಕೆ ತಂದಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅಂತ ಹೆಸರಾದದ್ದು ಅದು. ಈಗ ಒಂದೇ ಕವನವನ್ನು ನೂರು ಸಲ ಕೇಳಬಹುದಿತ್ತು. ಆದರೆ ಕೇಳುಗ ಹೂಂ ಅಂದರೆ ಅದು ಕವಿಗೆ ಮುಟ್ಟುತ್ತಿರಲಿಲ್ಲ.

ಅದೇ ಕಾಲದಲ್ಲಿ ಬೀದಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅವರ ಪದ್ಯಗಳು ಪುಸ್ತಕದ ಅಂಗಡಿಗಿಂತ ಹೆಚ್ಚಾಗಿ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ತಮಟೆಯ ಜೊತೆ ಹರಡಿದವು. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವೇ ನಡೆಯಿತು. ಅಕ್ಷರ ಬಾರದವರೂ ಆ ಸಾಲುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಇಲ್ಲಿ ಕೇಳುಗ ಹೂಂ ಅನ್ನೋದಷ್ಟೇ ಅಲ್ಲ, ದನಿಗೂಡಿಸುತ್ತಿದ್ದ. ಜಗುಲಿಯಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ ಅನ್ನೋದನ್ನು ನೆನಪಿಸಿದ್ದೂ ಈ ಬೀದಿಯೇ. ದೇವಸ್ಥಾನದ ಜಗುಲಿ ಹತ್ತಲು ಯಾರಿಗೆ ಬಿಡುತ್ತಿದ್ದರು, ಯಾರು ಅಂಗಳದಾಚೆ ನಿಂತು ಕೇಳಬೇಕಿತ್ತು ಅನ್ನೋದು ಊರಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಹಿನ್ನೆಲೆ ಇಟ್ಟುಕೊಂಡು 2020ಕ್ಕೆ ಬರೋಣ. ಫೆಬ್ರವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ, ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ. ಮಾರ್ಚ್ 25ರಿಂದ ದೇಶವೇ ಬಂದ್. ಮುಂದಿನ ಸಮ್ಮೇಳನ ಹಾವೇರಿಯಲ್ಲಿ ನಡೆದದ್ದು 2023ರ ಜನವರಿಯಲ್ಲಿ. ಹತ್ತಿರ ಹತ್ತಿರ ಮೂರು ವರ್ಷ ಚಪ್ಪರವೇ ಇಲ್ಲ! ಇದರ ನಡುವೆ, 2020ರ ಮೇ ತಿಂಗಳಲ್ಲಿ ನಿಸಾರ್ ಅಹಮದ್ ಹೋದರು. 2021ರ ಜೂನ್‌ನಲ್ಲಿ ಕೋವಿಡ್ ಸಿದ್ಧಲಿಂಗಯ್ಯನವರನ್ನು ಕರೆದುಕೊಂಡು ಹೋಯಿತು. ನಾಡೇ ಸೇರಿ ಕಳಿಸಿಕೊಡಬೇಕಾದ ಕವಿಗಳಿಗೆ ಎಷ್ಟೋ ಜನ ಮೊಬೈಲ್ ಪರದೆ ಮುಂದೆ ಕೂತೇ ನುಡಿನಮನ ಸಲ್ಲಿಸಿದರು.

ನಮ್ಮ ತಾಲ್ಲೂಕಿನ ಕವಿಬಳಗದವರು ನನಗೆ ಫೋನ್ ಮಾಡಿದ್ದು ಆ ದಿನಗಳಲ್ಲೇ. “ನೀನು ಸಾಫ್ಟ್‌ವೇರ್ ಅಲ್ವೇನಪ್ಪಾ, ಅದೇನೋ ಜೂಮ್ ಅಂತಲ್ಲ, ಒಂದು ಲಿಂಕ್ ಮಾಡಿಕೊಡು.” ಮಾಡಿಕೊಟ್ಟೆ. ಯಂತ್ರ ಹೊಸದು, ಶಾಸ್ತ್ರ ಮಾತ್ರ ಒಂದೂ ಬಿಡಲಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಕವನ ವಾಚನ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಪುಕ್ಕಟೆ ಜೂಮ್ 40 ನಿಮಿಷಕ್ಕೆ ಕಟ್ಟಾಗುತ್ತೆ. ಅಧ್ಯಕ್ಷರ ನುಡಿ ಪ್ರತೀ ಸಲ ಎರಡನೇ ಲಿಂಕಿಗೇ ಬೀಳುತ್ತಿತ್ತು. ಕಡೆಗೆ ಎಲ್ಲರಿಗೂ ವಾಟ್ಸಾಪಿನಲ್ಲಿ ಇ-ಪ್ರಮಾಣಪತ್ರ.

ತಮಾಷೆ ಇರ್ಲಿ. ಒಂದು ವಿಷಯ ಎಲ್ಲರನ್ನೂ ಕಾಡಿತು. ಬಳಗದ ಹಿರಿಯರೊಬ್ಬರು ಓದಿ ಮುಗಿಸಿ, ಸ್ವಲ್ಪ ಹೊತ್ತು ಕಾದು, “ಕೇಳಿಸ್ತಾ?” ಅಂದರು. ಕೇಳಿಸಿತ್ತು. ಎಲ್ಲರೂ ಮ್ಯೂಟ್‌ನಲ್ಲಿದ್ದರು ಅಷ್ಟೇ. ಸರಿ, ಎಲ್ಲರೂ ಅನ್‌ಮ್ಯೂಟ್ ಮಾಡಿಕೊಂಡರೆ? ಅದೂ ಆಗಲಿಲ್ಲ, ಯಾಕಂದರೆ ಈ ಸಾಫ್ಟ್‌ವೇರ್‌ಗಳನ್ನು ಕಟ್ಟಿರೋದು ಆಫೀಸ್ ಮೀಟಿಂಗಿಗೆ. ಮನುಷ್ಯರ ಮಾತು ‘ಸಿಗ್ನಲ್’, ಉಳಿದದ್ದೆಲ್ಲ ‘ನಾಯ್ಸ್’ ಅಂತ ಅದು ಎಣಿಸುತ್ತೆ. ಚಪ್ಪಾಳೆ ಅದರ ಲೆಕ್ಕದಲ್ಲಿ ಕುಕ್ಕರಿನ ವಿಷಲ್ ಇದ್ದಂತೆ, ಅಳಿಸಿ ಹಾಕುತ್ತೆ. ಹತ್ತು ಜನ ಒಟ್ಟಿಗೆ ದನಿ ಮಾಡಿದರೆ ಜೋರಾಗಿರೋರನ್ನು ಮುಂದಕ್ಕೆ ತಂದು ಉಳಿದವರನ್ನು ಕುಗ್ಗಿಸುತ್ತೆ. ಜೊತೆಗೆ ತಡ ಬೇರೆ. ಸಹಜವಾಗಿ ಮಾತಾಡಬೇಕಾದರೆ ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನ ಒಳಗೆ ಮುಟ್ಟಬೇಕು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ನಮ್ಮೂರ ನೆಟ್‌ವರ್ಕಿಗೆ ಅದನ್ನು ಓದಿ ಹೇಳೋರು ಯಾರು? ಹೂಂ ಬರೋ ಹೊತ್ತಿಗೆ ಕವಿ ಮುಂದಿನ ಸಾಲಿಗೆ ಹೋಗಿರುತ್ತಿದ್ದರು.

ಆದರೆ ಇದು ಅರ್ಧ ಸತ್ಯ. ಇನ್ನರ್ಧ ಗೊತ್ತಾದದ್ದು ಲಾಕ್‌ಡೌನ್ ಮುಗಿದ ಮೇಲೆ. ಬಳಗದ ಗಂಡಸರೆಲ್ಲ, “ಸಾಕಪ್ಪ ಈ ಡಬ್ಬಿ, ಇನ್ನು ಮೊದಲಿನ ಹಾಗೆ ಭವನದಲ್ಲೇ ಸೇರೋಣ” ಅಂದರು. ಹೆಣ್ಣುಮಕ್ಕಳು ಒಪ್ಪಲಿಲ್ಲ. ಒಬ್ಬರು ಅಂಗನವಾಡಿ ಶಿಕ್ಷಕಿ ಕೇಳಿದರು: “ಭಾನುವಾರ ನಾಲ್ಕು ಗಂಟೆಗೆ ಅಂತೀರ, ಶುರುವಾಗೋದು ಐದಕ್ಕೆ. ನಮ್ಮೂರಿಗೆ ಕಡೇ ಬಸ್ಸು ಆರೂವರೆಗೆ. ನನ್ನ ಸರದಿ ಬರೋಷ್ಟರಲ್ಲಿ ನಾನು ಬಸ್‌ಸ್ಟ್ಯಾಂಡಲ್ಲಿರ್ತೀನಿ. ಹನ್ನೆರಡು ವರ್ಷದಿಂದ ಬರೀತಿದ್ದೀನಿ ಸಾರ್, ಪೂರ್ತಿ ಒಂದು ಕವನ ಓದಿದ್ದು ಈ ಡಬ್ಬೀಲೇ.”

ಭವನದಲ್ಲಿ ಯಾರೂ ಮಾತಾಡಲಿಲ್ಲ. ಈಗ ನಮ್ಮ ಬಳಗ ಒಂದು ತಿಂಗಳು ಭವನದಲ್ಲಿ ಸೇರುತ್ತೆ, ಇನ್ನೊಂದು ತಿಂಗಳು ಆನ್‌ಲೈನ್. ಭವನದ ಸಭೆ ಎರಡು ಗಂಟೆಗೆ, ದೂರದೂರಿನವರು ಮೊದಲು ಓದೋದು, ತಾಲ್ಲೂಕು ಕೇಂದ್ರದವರು ಕಡೆಗೆ. ಆನ್‌ಲೈನ್‌ನಲ್ಲಿ ಪ್ರತಿ ಕವನಕ್ಕೂ ಒಬ್ಬರನ್ನು ಮೊದಲೇ ಹೆಸರು ಹೇಳಿ ಗೊತ್ತುಮಾಡುತ್ತಾರೆ. ಅವರು ಮೈಕ್ ತೆರೆದು ಕೂತಿರಬೇಕು, ಕವನ ಮುಗಿದ ಮೇಲೆ ತಟ್ಟಿದ ಸಾಲನ್ನು ತಿರುಗಿ ಹೇಳಬೇಕು. ‘ಚೆನ್ನಾಗಿತ್ತು’ ಅಂತ ತೇಲಿಸೋ ಹಾಗಿಲ್ಲ. ಗಮಕದಲ್ಲಿ ಓದೋರ ಪಕ್ಕ ಅರ್ಥ ಹೇಳೋರು ಕೂರುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ.

1935ರಿಂದ ಇಲ್ಲಿವರೆಗೆ ಬಂದ ಒಂದೊಂದು ಯಂತ್ರವೂ ಕವಿಯ ದನಿಯನ್ನು ದೂರಕ್ಕೆ ಒಯ್ದಿತು. ಕೇಳುಗನ ಹೂಂ ಅನ್ನು ವಾಪಸು ತರೋ ಕೆಲಸ ಯಾವತ್ತೂ ಮನುಷ್ಯರ ಪಾಲಿಗೇ ಬಂತು. ಬೆಳಗಾವಿಯ ಆ ಸಭೆ ಹೇಗಿತ್ತು ಅಂತ ನಮಗೆ ಗೊತ್ತಿರೋದೂ ಕೇಳಿದವರು ಬರೆದಿಟ್ಟದ್ದರಿಂದಲೇ. ನಿಮ್ಮೂರಲ್ಲೂ ಇಂಥ ಬಳಗ ಇದ್ದರೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಯಾರು ಓದಿದರು, ಯಾರು ಕೇಳಿದರು, ಯಾವ ಸಾಲಿಗೆ ಯಾರು ಏನಂದರು, ಯಾರು ಬಸ್ಸಿಗೆ ಎದ್ದು ಹೋದರು, ಅದನ್ನೂ ಬರೆದಿಡಿ. ಜೂಮ್ ಲಿಂಕು ಸಾಯುತ್ತೆ, ಫೋನ್ ಮೆಮೊರಿ ತುಂಬಿದಾಗ ರೆಕಾರ್ಡಿಂಗನ್ನು ನಾವೇ ಅಳಿಸಿಬಿಡ್ತೀವಿ. ನೋಟ್‌ಬುಕ್ಕಿಗೆ ಮೂವತ್ತು ನಲವತ್ತು ರೂಪಾಯಿ.