ತವರಿಗೆ ಬರುವ ಹಕ್ಕಿಗಳು: ಕೊಕ್ಕರೆ ಬೆಳ್ಳೂರಿನ ಮೌಖಿಕ ಚರಿತ್ರೆ

ಪಕ್ಷಿಧಾಮಗಳ ಚರಿತ್ರೆ ಸಾಮಾನ್ಯವಾಗಿ ಪ್ರಭುತ್ವದ ಘೋಷಣೆಗಳಿಂದ ಆರಂಭವಾಗುತ್ತದೆ. ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ರಾಮ್ಸಾರ್ ತಾಣವಾಯಿತು. ಅದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಇಂತಹ ಆರಂಭದ ದಿನಾಂಕವಿಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರನ್ನು ಪಕ್ಷಿವೀಕ್ಷಕರ ಗಮನಕ್ಕೆ ತರುವ ವೇಳೆಗಾಗಲೇ ಇಲ್ಲಿ ಜನರ ಹಾಗೂ ಹಕ್ಕಿಗಳ ಸಹಬಾಳ್ವೆ ಬಹಳ ಹಳೆಯದಾಗಿತ್ತು.

ಈ ಸಹಬಾಳ್ವೆಯ ಮುಖ್ಯ ಆಕರ ಜನರ ನೆನಪು. ಮೊದಲು ಶಿಂಷಾ ನದಿಯ ದಡದಲ್ಲಿದ್ದ ಊರು 1916ರ ಪ್ಲೇಗಿನ ಕಾಲದಲ್ಲಿ ಈಗಿನ ನೆಲೆಗೆ ಬಂದಿತೆಂದೂ ಹಕ್ಕಿಗಳು ಜನರನ್ನು ಹಿಂಬಾಲಿಸಿದುವೆಂದೂ ಹಿರಿಯರ ಹೇಳಿಕೆ. ಇದು ಹಕ್ಕಿಗಳ ವರ್ತನೆಗೆ ಪುರಾವೆಯಾಗದಿರಬಹುದು. ಆದರೆ ಸಂಕಟದ ವಲಸೆಯಲ್ಲಿಯೂ ಜನರು ಹಕ್ಕಿಗಳನ್ನು ತಮ್ಮವರೆಂದೇ ಎಣಿಸಿದುದಕ್ಕೆ ಸಾಕ್ಷಿಯಾಗಿದೆ. ಗೂಡು ಕಟ್ಟಲು ಬರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವುದು ಇದರ ಮುಂದುವರಿಕೆ.

ಈ ನಂಬಿಕೆಯನ್ನು ಕೇವಲ ಭಾವುಕತೆಯೆಂದು ವಿವರಿಸುವುದು ಸಮಂಜಸವಲ್ಲ. ಹಕ್ಕಿಗಳು ಗೂಡು ಕಟ್ಟುವ ಹುಣಿಸೆಮರಗಳು ಖಾಸಗಿಯವರ ಹಿತ್ತಿಲುಗಳಲ್ಲಿವೆ. ಗೂಡುಗಳಿರುವಾಗ ಹುಣಿಸೆ ಬಡಿಯುವಂತಿಲ್ಲ. ಹಾಗೆ ಬಿಟ್ಟ ಫಸಲು ಮನೆಯ ನಷ್ಟ. ಮರದಡಿಯಲ್ಲಿ ಸಂಗ್ರಹವಾಗುವ ಹಿಕ್ಕೆ ಹೊಲಕ್ಕೆ ಗೊಬ್ಬರವಾಗಿ ಆ ನಷ್ಟವನ್ನು ಒಂದಿಷ್ಟು ತುಂಬಿತು. ಮುಂದೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರಧನ ನೀಡತೊಡಗಿತು. ನಂಬಿಕೆ ಬಾಳಿದ್ದು ಈ ಕೊಡುಕೊಳ್ಳುವಿಕೆಯ ಮೇಲೆಯೇ.

ಸಮುದಾಯ ಮೀಸಲು ಎಂಬ ವರ್ಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬಂದುದು 2002ರ ತಿದ್ದುಪಡಿಯಿಂದ. ಕೊಕ್ಕರೆ ಬೆಳ್ಳೂರು 2007ರಲ್ಲಿ ಆ ಮನ್ನಣೆ ಪಡೆಯಿತು. ಜನರು ಬಹುಕಾಲದಿಂದ ನಡೆಸಿಕೊಂಡು ಬಂದುದಕ್ಕೆ ಕಾನೂನು ತಡವಾಗಿ ಹೆಸರಿಟ್ಟಿತು ಎನ್ನಬಹುದು. ಆದರೆ ಹಕ್ಕಿಗಳ ಆಹಾರ ಊರಿನೊಳಗಿಲ್ಲ. ಮರಿಗಳಿಗೆ ಬೇಕಾದ ಮೀನು ಶಿಂಷೆಯಿಂದ, ಸುತ್ತಣ ಕೆರೆಗಳಿಂದ ಬರಬೇಕು. 2017ರ ಡಿಸೆಂಬರಿನಿಂದ ಕೆಲವು ತಿಂಗಳ ಕಾಲ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಪರೀಕ್ಷೆಯಲ್ಲಿ ಅವುಗಳ ದೇಹದೊಳಗೆ ಜಂತುಹುಳುಗಳು ಕಂಡುಬಂದುವು. ಮರಗಳು ಸುರಕ್ಷಿತವಾಗಿದ್ದರೂ ಹಕ್ಕಿಗಳು ಸುರಕ್ಷಿತವಾಗಿರಲಿಲ್ಲ.

ಇಲ್ಲಿಗೆ ಬರುವ ಪಕ್ಷಿವೀಕ್ಷಕರ ದೃಷ್ಟಿ ಸಹಜವಾಗಿಯೇ ಮರದ ಮೇಲಿನ ಗೂಡುಗಳಲ್ಲಿ ನಿಲ್ಲುತ್ತದೆ. ಜನಪದರ ರೂಪಕ ಅದಕ್ಕಿಂತ ವಿಶಾಲವಾದುದು. ಮಗಳಿಗೆ ನೆರಳಷ್ಟೇ ಕೊಟ್ಟು ಅನ್ನ ಕೊಡದ ಮನೆಯನ್ನು ತವರೆಂದು ಕರೆಯುವ ವಾಡಿಕೆ ನಮ್ಮಲ್ಲಿಲ್ಲ. ಆದ್ದರಿಂದ ಕೊಕ್ಕರೆ ಬೆಳ್ಳೂರಿನ ಸಂರಕ್ಷಣೆಯನ್ನು ಕುರಿತ ಯಾವುದೇ ಅಧ್ಯಯನ ಸುತ್ತಣ ಕೆರೆಗಳ ನೀರಿನವರೆಗೂ ವಿಸ್ತರಿಸುವುದು ಅವಶ್ಯಕ.