ಕೆಲಸದ ಸ್ಥಳದಲ್ಲಿ ಕಿರುಕುಳ: ಬಾಗಿಲು ಎರಡು, ಗಡುವು ಮೂರು ತಿಂಗಳು

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳಕ್ಕೆ ಒಳಗಾದ ಮಹಿಳೆ ದೂರು ಕೊಡಲು ಹಿಂಜರಿಯುವುದು ಸಹಜ. ಕೆಲಸ ಹೋದೀತೆಂಬ ಅಳುಕು ಒಂದು ಕಡೆ, ನಾಲ್ಕು ಜನರ ಬಾಯಿಗೆ ಬೀಳುವ ಭಯ ಇನ್ನೊಂದು ಕಡೆ. ಆದರೆ ಹೀಗೆ ಹಿಂಜರಿಯುತ್ತ ಕಳೆಯುವ ಪ್ರತಿ ದಿನವೂ ಕಾನೂನಿನ ಲೆಕ್ಕಕ್ಕೆ ಬರುತ್ತದೆ. 2013ರ ಕಾಯ್ದೆಯ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಕಿರುಕುಳ ಪದೇ ಪದೇ ನಡೆದಿದ್ದಲ್ಲಿ ಕೊನೆಯ ಘಟನೆಯ ದಿನದಿಂದ ಎಣಿಕೆ. ಗಡುವಿನೊಳಗೆ ಬರಲಾಗದಂತಹ ಸನ್ನಿವೇಶವಿತ್ತೆಂದು ಸಮಿತಿಗೆ ಮನವರಿಕೆಯಾದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಅದರಾಚೆಗೆ ಅವಕಾಶವಿಲ್ಲ.

ಈ ಗಡುವು ಎಷ್ಟು ಕಠಿಣವೆಂಬುದಕ್ಕೆ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಕರಣವೇ ಸಾಕ್ಷಿ. ಅಲ್ಲಿನ ಬೋಧಕಿಯೊಬ್ಬರು ಕುಲಪತಿಯ ವಿರುದ್ಧ 2023ರ ಡಿಸೆಂಬರ್‌ನಲ್ಲಿ ದೂರು ನೀಡಿದ್ದರು. ಕೊನೆಯ ಕಿರುಕುಳ ನಡೆದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ ಎಂದು ಪರಿಗಣಿಸಿದ ಸುಪ್ರೀಂ ಕೋರ್ಟ್, ದೂರು ಅವಧಿ ಮೀರಿದೆಯೆಂದು 2025ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿತು. ತೀರ್ಪಿನ ವಿಷಯ ಕುಲಪತಿಯ ಸ್ವವಿವರದಲ್ಲಿ ಸದಾ ಇರಬೇಕೆಂದೂ ಪೀಠ ಆದೇಶಿಸಿತು. ಆದರೆ ದೂರಿನ ವಿಚಾರಣೆ ಮಾತ್ರ ನಡೆಯಲಿಲ್ಲ. ಕಾನೂನು ಬೋಧಿಸುವವರಿಗೇ ಈ ಗತಿಯಾದರೆ ಹೊಲಿಗೆ ಯಂತ್ರದ ಮುಂದೆ ಕುಳಿತ ಗಾರ್ಮೆಂಟ್ಸ್ ಕಾರ್ಮಿಕಳ ಪಾಡೇನು?

ದೂರು ಯಾರಿಗೆ?

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಕೇಂದ್ರ ಕಚೇರಿಯಲ್ಲೊಂದು ಇದ್ದರೆ ಸಾಲದು, ಶಾಖೆಗಳಲ್ಲೂ ಇರಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಒಬ್ಬರು ಹೊರಗಿನವರು.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್, ವಕೀಲರ ಕಚೇರಿಗಳಲ್ಲಿ ದುಡಿಯುವವರಿಗೆ ಹಾಗೂ ಮನೆಗೆಲಸದವರಿಗೆ ಎರಡನೆಯ ಬಾಗಿಲು ಇದೆ. ಅದು ಜಿಲ್ಲೆಯ ಸ್ಥಳೀಯ ಸಮಿತಿ. ಮಾಲೀಕನೇ ಆರೋಪಿಯಾದಾಗಲೂ ಹೋಗಬೇಕಾದದ್ದು ಇಲ್ಲಿಗೇ. ಬಹುತೇಕ ಓದುಗರು ಇದರ ಹೆಸರನ್ನೂ ಕೇಳಿರಲಾರರು. ದೂರು ಸ್ವೀಕರಿಸಿ ಏಳು ದಿನಗಳೊಳಗೆ ಸಮಿತಿಗೆ ತಲುಪಿಸಲು ತಾಲ್ಲೂಕು ಮಟ್ಟದಲ್ಲಿ ನೋಡಲ್ ಅಧಿಕಾರಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಕೇಂದ್ರ ಸರ್ಕಾರದ ‘ಶಿ-ಬಾಕ್ಸ್’ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು.

ಇಂತಹ ವ್ಯವಸ್ಥೆಗೆ ಮೂಲ ರಾಜಸ್ಥಾನದ ಭಂವರಿ ದೇವಿ ಪ್ರಕರಣ. ಸರ್ಕಾರಿ ಯೋಜನೆಯ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋದ ಆಕೆಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಮಹಿಳಾ ಸಂಘಟನೆಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1997ರ ಆಗಸ್ಟ್ 13ರಂದು ‘ವಿಶಾಖಾ’ ಮಾರ್ಗಸೂಚಿ ನೀಡಿತು. ಕಾನೂನು ಬರುವವರೆಗಿನ ತಾತ್ಕಾಲಿಕ ಏರ್ಪಾಡಾಗಿದ್ದ ಅದೇ ಹದಿನಾರು ವರ್ಷ ನಡೆಯಿತು. ಕಾಯ್ದೆ ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು.

ವಿಚಾರಣೆ ಹೇಗೆ?

ದೂರಿನ ಆರು ಪ್ರತಿಗಳನ್ನು ಸಾಕ್ಷಿಗಳ ಹೆಸರು, ದಾಖಲೆಗಳೊಂದಿಗೆ ಕೊಡಬೇಕು. ಆದ್ದರಿಂದ ಮೊಬೈಲ್ ಸಂದೇಶ, ಇ-ಮೇಲ್‌ಗಳನ್ನು ಬೇಸರದಿಂದ ಅಳಿಸಿಹಾಕದಿರುವುದು ಲೇಸು. ಬರೆಯಲು ಬಾರದವರಿಗೆ ಬರೆದುಕೊಡಲು ನೆರವಾಗುವುದು ಸಮಿತಿಯ ಕರ್ತವ್ಯ. 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ನಂತರದ ಹತ್ತು ದಿನಗಳಲ್ಲಿ ವರದಿ ಮಾಲೀಕರಿಗೆ ತಲುಪಬೇಕು. ಅವರು 60 ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. ಸಮಿತಿಯೆದುರು ಎರಡೂ ಕಡೆಯವರಿಗೆ ವಕೀಲರನ್ನು ಇಟ್ಟುಕೊಳ್ಳುವ ಅವಕಾಶವಿಲ್ಲ. ದೂರುದಾರೆ ಬಯಸಿದರೆ ಮಾತ್ರ ಸಂಧಾನ. ಅದೂ ಹಣದ ಮೇಲೆ ಆಗುವಂತಿಲ್ಲ.

ವಿಚಾರಣೆ ನಡೆಯುತ್ತಿರುವಾಗ ಅದೇ ಮೇಲಧಿಕಾರಿಯ ಕೈಕೆಳಗೆ ದುಡಿಯುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಲಿಖಿತವಾಗಿ ಕೋರಿದರೆ ಇಬ್ಬರಲ್ಲಿ ಒಬ್ಬರನ್ನು ವರ್ಗಾಯಿಸಲು ಅಥವಾ ದೂರುದಾರೆಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ನೀಡಲು ಸಮಿತಿ ಶಿಫಾರಸು ಮಾಡಬಹುದು. ಆಕೆಯ ಕಾರ್ಯಕ್ಷಮತೆಯ ವರದಿಯನ್ನು ಆರೋಪಿ ಬರೆಯದಂತೆಯೂ ತಡೆಯಬಹುದು. ಕೇಳದಿದ್ದರೆ ಇವು ತಾವಾಗಿ ದೊರೆಯುವುದಿಲ್ಲ.

ಸುಳ್ಳು ದೂರಿಗೆ ಶಿಕ್ಷೆಯುಂಟು ಎಂದು ಹೆದರಿಸುವವರಿದ್ದಾರೆ. ದುರುದ್ದೇಶದಿಂದ ಸುಳ್ಳೆಂದು ತಿಳಿದೇ ಕೊಟ್ಟ ದೂರಿಗೆ ಶಿಕ್ಷೆ ಇರುವುದು ನಿಜ. ಆದರೆ ಆರೋಪ ಸಾಬೀತಾಗದ ಮಾತ್ರಕ್ಕೆ ದೂರು ಸುಳ್ಳಾಗದು ಎಂದು ಅದೇ ಸೆಕ್ಷನ್ ಸ್ಪಷ್ಟಪಡಿಸಿದೆ. ಹೆದರಿಸುವವರು ಆ ಸಾಲನ್ನು ಓದುವುದಿಲ್ಲ.

ಸಮಿತಿಗೆ ದೂರು ಕೊಟ್ಟವರು ಪೊಲೀಸರ ಬಳಿಗೂ ಹೋಗಬಹುದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 75ರ ಅನ್ವಯ ಅನಪೇಕ್ಷಿತ ದೈಹಿಕ ಸ್ಪರ್ಶ, ಲೈಂಗಿಕ ಬೇಡಿಕೆಗಳಿಗೆ ಮೂರು ವರ್ಷದವರೆಗೆ ಸೆರೆವಾಸವಿದೆ.

ಈ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಸೀಮಿತ, ದೂರುದಾರರು ಮಹಿಳೆಯರೇ ಆಗಿರಬೇಕು. ಬಡ್ತಿ, ನೇಮಕಾತಿಯ ತಾರತಮ್ಯಕ್ಕೆ ಹಾದಿ ಬೇರೆ. ವಿದೇಶಾಂಗ ಸೇವೆಯ ಮೊದಲ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮ ಬಡ್ತಿ ನಿರಾಕರಣೆಯ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1979ರ ತೀರ್ಪಿನಲ್ಲಿ ಕಟುವಾಗಿ ಟೀಕಿಸಿದರು. ಆದರೆ ಮುತ್ತಮ್ಮ ಸರ್ಕಾರಿ ನೌಕರರು. ಸಂವಿಧಾನದ 16ನೇ ವಿಧಿ ಅವರ ಬೆನ್ನಿಗಿತ್ತು. ಖಾಸಗಿ ಕಂಪನಿಯ ಉದ್ಯೋಗಿಗೆ ಆ ವಿಧಿ ನೇರವಾಗಿ ಒದಗುವುದಿಲ್ಲ. ಅಂಗವಿಕಲರಿಗೆ 2016ರ, ತೃತೀಯ ಲಿಂಗಿಗಳಿಗೆ 2019ರ ಕಾಯ್ದೆಗಳಿವೆ. ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಕಾನೂನು ದೇಶದಲ್ಲಿಲ್ಲ.

ಆಂತರಿಕ ಸಮಿತಿ ರಚಿಸದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ಮರುಕಳಿಸಿದರೆ ಅದು ಇಮ್ಮಡಿ, ಪರವಾನಗಿಯೂ ರದ್ದಾಗಬಹುದು. ಆದರೂ ಕಾಯ್ದೆ ಬಂದು ಹತ್ತು ವರ್ಷವಾಗುವ ಹೊತ್ತಿಗೆ, 2023ರ ಮೇ ತಿಂಗಳಲ್ಲಿ, ಸಮಿತಿಗಳು ಇವೆಯೇ ಎಂದು ಪರಿಶೀಲಿಸಿರೆಂದು ಸುಪ್ರೀಂ ಕೋರ್ಟೇ ಸರ್ಕಾರಗಳಿಗೆ ಹೇಳಬೇಕಾಯಿತು. ಸಮಿತಿಯ ಸದಸ್ಯರ ವಿವರ ಎಲ್ಲರಿಗೂ ಕಾಣುವ ಜಾಗದಲ್ಲಿ ಇರಬೇಕೆಂಬುದು ನಿಯಮ. ನಾಳೆ ಕಚೇರಿಗೆ ಹೋದಾಗ ಸೂಚನಾ ಫಲಕವನ್ನೊಮ್ಮೆ ನೋಡಿ.