ಮನೆಯಲ್ಲೇ ಸ್ಪ್ಯಾನಿಷ್ ಮಾತು: ಇಂಗ್ಲಿಷ್ ಬಲ್ಲ ನಮಗೊಂದು ಕೈಪಿಡಿ

ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ. ಸ್ವಂತವಾಗಿ ಕಲಿಯಲು ಸಿಗುವ ಪುಸ್ತಕ, ಆ್ಯಪ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಆಡುವವರಿಗೆಂದೇ ಸಿದ್ಧವಾದವು. ಅವನ್ನು ನಾವೂ ಬಳಸಬಹುದು. ಆದರೆ ಅವು ಕಷ್ಟವೆಂದು ಎಚ್ಚರಿಸುವ ಕೆಲವು ಕಡೆ ನಮಗೆ ಕನ್ನಡವೇ ದಾರಿ ತೋರಿಸುತ್ತದೆ.

ಎಷ್ಟು ಕಾಲ ಬೇಕು?

‘30 ದಿನಗಳಲ್ಲಿ ಕಲಿಯಿರಿ’ ಎಂಬ ಜಾಹೀರಾತನ್ನು ನಂಬಬೇಡಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರಕಾರಿ ಸಂಸ್ಥೆಯ ಲೆಕ್ಕದಲ್ಲಿ, ಇಂಗ್ಲಿಷ್ ಮನೆಮಾತಿನವರು ವೃತ್ತಿಗೆ ಸಾಕಾಗುವಷ್ಟು ಸ್ಪ್ಯಾನಿಷ್ ಕಲಿಯಲು 600ರಿಂದ 750 ತರಗತಿ ಗಂಟೆ ಬೇಕು. ದಿನಕ್ಕೆ ಒಂದು ಗಂಟೆಯಾದರೆ ಸುಮಾರು ಎರಡು ವರ್ಷ. ಕುಶಲ ವಿಚಾರಿಸುವ, ದಾರಿ ಕೇಳುವ ಮಾತು ಅದಕ್ಕಿಂತ ಬಹಳ ಮೊದಲೇ ಬರುತ್ತದೆ.

ಉಚ್ಚಾರ

ಬರೆದಂತೆ ಓದುವ ಭಾಷೆ ಇದು. ನಿಯಮಗಳನ್ನು ಎರಡು ವಾರದಲ್ಲಿ ಕಲಿಯಬಹುದು. ಇಂಗ್ಲಿಷಿನ ‘ಟ’ ಇಲ್ಲಿಲ್ಲ, ನಮ್ಮ ‘ತ’ ಇದೆ: ಟೊಮೆಟೊ ಇಲ್ಲಿ ‘ತೊಮಾತೆ’. ರಕಾರ ಎರಡು: ‘ಪೆರೊ’ ಎಂದರೆ ಆದರೆ, ನಾಲಿಗೆ ಅದುರಿಸಿ ‘ಪೆರ್ರೊ’ ಎಂದರೆ ನಾಯಿ. ಮಲಯಾಳದಲ್ಲಿ ‘ಕರ’ (ದಡ), ‘ಕಱ’ (ಕಲೆ) ಎಂಬ ಭೇದ ಕೇಳಿ ಬೆಳೆದ ಕಾಸರಗೋಡು, ವಯನಾಡಿನವರ ಕಿವಿಗೆ ಇದು ಹೊಸದಲ್ಲ.

ಕನ್ನಡ ನೆರವಾಗುವಲ್ಲಿ

‘ಐ ಲೈಕ್ ಕಾಫಿ’ ಎನ್ನುವವರು ‘ಮೆ ಗುಸ್ತಾ ಎಲ್ ಕಫೆ’ಗೆ ತಡವರಿಸುತ್ತಾರೆ. ನಮಗೆ ಅದು ನೇರವಾಗಿ ‘ನನಗೆ ಕಾಫಿ ಇಷ್ಟ’. ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’. ಕ್ರಿಯಾಪದದ ಕೊನೆಯೇ ಆಡುವವರು ಯಾರೆಂದು ಹೇಳುವುದರಿಂದ ‘ನಾನು’ ಬೇಕಿಲ್ಲ. ‘ತು’ ನಮ್ಮ ನೀನು, ‘ಉಸ್ತೆದ್’ ನಮ್ಮ ನೀವು. ಹಿರಿಯರಿಗೆ, ಅಪರಿಚಿತರಿಗೆ ‘ಉಸ್ತೆದ್’ ಎನ್ನುವುದೇ ಲೇಸು.

ಇಂಗ್ಲಿಷ್ ನೆರವಾಗುವಲ್ಲಿ, ಕೈಕೊಡುವಲ್ಲಿ

‘ನೇಶನ್’ ಇಲ್ಲಿ ‘ನಾಸಿಯೋನ್’. ಇಂಥ ನೂರಾರು ಪದಗಳು ಈಗಾಗಲೇ ಗೊತ್ತಿವೆ. ಆದರೆ ‘ಎಂಬರಾಸ್ಡ್’ ಎಂದುಕೊಂಡು ‘ಎಂಬಾರಸಾದಾ’ ಎಂದರೆ ಗರ್ಭಿಣಿ ಎಂದಾಗುತ್ತದೆ!

ನಿಜವಾದ ಕಷ್ಟ

ವಸ್ತುಗಳಿಗೂ ಲಿಂಗವಿದೆ: ಮೇಜು ‘ಲಾ ಮೆಸಾ’ ಸ್ತ್ರೀಲಿಂಗ, ಪುಸ್ತಕ ‘ಎಲ್ ಲಿಬ್ರೊ’ ಪುಲ್ಲಿಂಗ. ಮರಾಠಿ ಬಲ್ಲ ಸೊಲ್ಲಾಪುರ, ಜತ್ತದವರಿಗೆ ಈ ಪದ್ಧತಿ ಗೊತ್ತು. ಉಳಿದವರು ಪದವನ್ನು ‘ಎಲ್’, ‘ಲಾ’ ಸಮೇತ ಬಾಯಿಪಾಠ ಮಾಡಬೇಕು. ‘ಇರು’ ಎಂಬುದಕ್ಕೂ ಎರಡು ಕ್ರಿಯಾಪದ. ‘ಎಸ್ತೊಯ್ ಅಬುರಿದೊ’ ಎಂದರೆ ನನಗೆ ಬೇಸರವಾಗಿದೆ. ‘ಸೊಯ್ ಅಬುರಿದೊ’ ಎಂದರೆ ನಾನೇ ಬೇಸರ ಹುಟ್ಟಿಸುವವನು.

ದಿನದ ಅಭ್ಯಾಸ

1. ಹದಿನೈದು ನಿಮಿಷ ಕೇಳಿ, ಕೇಳಿದ್ದನ್ನು ಗಟ್ಟಿಯಾಗಿ ಹೇಳಿ. 1992ರ ‘ದೆಸ್ತಿನೋಸ್’ ಎಂಬ 52 ಕಂತುಗಳ ಪಾಠ-ಧಾರಾವಾಹಿ ಇದಕ್ಕೆ ಅನುಕೂಲ.
2. ಮೊದಲು ವರ್ತಮಾನ ಕಾಲ ಸಾಕು. ‘ವೊಯ್ ಆ’ ಸೇರಿಸಿದರೆ ಮುಂದಿನ ಮಾತೂ ಆಯಿತು: ‘ವೊಯ್ ಆ ಕೊಮೆರ್’, ಊಟ ಮಾಡಲಿದ್ದೇನೆ.
3. ಮೊದಲ ತಿಂಗಳಿನಿಂದಲೇ ಯಾರೊಂದಿಗಾದರೂ ಮಾತಾಡಿ. ಇಂಗ್ಲಿಷ್ ಕಲಿಯಬಯಸುವ ಸ್ಪ್ಯಾನಿಷ್ ಭಾಷಿಕರೊಂದಿಗೆ ಅರ್ಧ ಗಂಟೆ ಆ ಭಾಷೆ, ಅರ್ಧ ಗಂಟೆ ಈ ಭಾಷೆ ಎಂದು ಹಂಚಿಕೊಳ್ಳಬಹುದು. ನಮ್ಮ ಬೆಳಗಿನ 7 ಗಂಟೆಗೆ ಮೆಕ್ಸಿಕೊ ನಗರದಲ್ಲಿ ಹಿಂದಿನ ಸಂಜೆ 7.30.

ಮಟ್ಟ ಅಳೆಯಬೇಕೆಂದರೆ ಎ1ರಿಂದ ಸಿ2ವರೆಗಿನ ‘ಡೆಲೆ’ ಪರೀಕ್ಷೆಗಳಿವೆ. ಅವನ್ನು ನಡೆಸುವ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ಹೊಸದಿಲ್ಲಿಯಲ್ಲಿದೆ.

ಮನೆಯಲ್ಲೊಂದು, ಪೇಟೆಯಲ್ಲೊಂದು ಮಾತು ಆಡುವ ನಾವು ಎರಡನೆಯದನ್ನು ವ್ಯಾಕರಣ ಮುಗಿಸಿ ಕಲಿಯಲಿಲ್ಲ. ತಪ್ಪುತಪ್ಪಾಗಿ ಆಡುತ್ತಲೇ ಕಲಿತೆವು. ಸ್ಪ್ಯಾನಿಷಿಗೂ ಅದೇ ದಾರಿ. ಒಬ್ಬರೇ ಆದರೆ ಬೇಗ ಬಿಟ್ಟುಬಿಡುತ್ತೇವೆ. ಬೇರೆ ಊರಿನ ಸದಸ್ಯರೊಬ್ಬರನ್ನು ಜೊತೆ ಮಾಡಿಕೊಂಡು ವಾರಕ್ಕೊಮ್ಮೆ ಫೋನಿನಲ್ಲಿ ಸ್ಪ್ಯಾನಿಷ್ ಆಡಿ ನೋಡಿ.